ಜಾಗವಿದ್ದೂ ಜಾಗವಿಲ್ಲ: ವರ್ಚುವಲ್ ಡಿಸ್ಕ್ ಗಾತ್ರದ ದೋಷಗಳನ್ನು ಪತ್ತೆ ಹಚ್ಚುವ ಬಗೆ

ಡೇಟಾಬೇಸ್ ಓಡುತ್ತಿದ್ದ ಒಂದು ವರ್ಚುವಲ್ ಯಂತ್ರ (ಒಂದು ಕಂಪ್ಯೂಟರಿನೊಳಗೆ ತಂತ್ರಾಂಶವಾಗಿ ಓಡುವ ಇನ್ನೊಂದು ಕಂಪ್ಯೂಟರ್) ನಡುರಾತ್ರಿ ಇದ್ದಕ್ಕಿದ್ದಂತೆ ನಿಂತುಹೋಯಿತು. ಅದರ ಡಿಸ್ಕ್ 200 ಜಿಬಿ. ಹಿಂದಿನ ಸಂಜೆಯ ವರದಿಯ ಪ್ರಕಾರ ಅದರಲ್ಲಿ 120 ಜಿಬಿ ಖಾಲಿ ಇತ್ತು. ಅದನ್ನು ಓಡಿಸುವ ಹೋಸ್ಟ್ ಯಂತ್ರದ ದಾಖಲೆಯಲ್ಲಿ ಮಾತ್ರ ‘ಜಾಗವಿಲ್ಲ’ ಎಂಬ ದೂರು. ಆಗ ನಾನು ಈ ಕೆಲಸಕ್ಕೆ ಹೊಸಬ. ಜಾಗವಿಲ್ಲ ಎಂದರೆ ಜಾಗ ಕೊಡಬೇಕು ಎಂದುಕೊಂಡು ಡಿಸ್ಕನ್ನು 300 ಜಿಬಿಗೆ ಹಿಗ್ಗಿಸಿದೆ. ಕಮಾಂಡ್ ಒಂದೇ ಕ್ಷಣದಲ್ಲಿ ಯಶಸ್ವಿಯಾಯಿತು. ಯಂತ್ರವನ್ನು ಮುಂದುವರಿಸಿದಾಗ ಕೆಲವು ಸೆಕೆಂಡು ಓಡಿ ಮತ್ತೆ ನಿಂತಿತು. ತುಂಬಿದ್ದು ಆ ಡಿಸ್ಕ್ ಅಲ್ಲ, ಅದು ಕುಳಿತಿದ್ದ ಹೋಸ್ಟಿನ ಡಿಸ್ಕ್ ಎಂದು ಅರಿವಾಗುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು.

ವರ್ಚುವಲ್ ಡಿಸ್ಕಿನ ಗಾತ್ರದ ಬಗ್ಗೆ ಬರುವ ಬಹುತೇಕ ದೂರುಗಳ ಮೂಲ ಇಲ್ಲಿದೆ. ದೋಷ ಎಲ್ಲಿದೆ ಎಂದು ಅಳೆಯುವ ಮೊದಲೇ ಕೈ ಹಾಕುತ್ತೇವೆ. ‘ಜಾಗವಿಲ್ಲ’ ಎಂಬ ಒಂದೇ ಮಾತು ಹಲವು ಅಂತಸ್ತುಗಳಿಂದ ಬರುತ್ತದೆ: ಹೋಸ್ಟಿನ ಸಂಗ್ರಹ, ಡಿಸ್ಕ್ ಫೈಲ್, ಅದರೊಳಗಿನ ಪಾರ್ಟಿಷನ್, ಎಲ್‌ವಿಎಂ (ಡಿಸ್ಕ್‌ಗಳ ಜಾಗವನ್ನು ಒಟ್ಟುಗೂಡಿಸಿ ಹಂಚುವ ಲಿನಕ್ಸಿನ ಪದರ) ಇದ್ದರೆ ಅದು, ಕೊನೆಗೆ ಫೈಲ್ ಸಿಸ್ಟಮ್. ಯಾವ ಅಂತಸ್ತು ಕೂಗುತ್ತಿದೆ ಎಂದು ಗೊತ್ತಾದರೆ ಮುಂದಿನ ಕೆಲಸ ಸಾಮಾನ್ಯವಾಗಿ ಹತ್ತು ನಿಮಿಷದ್ದು. ಗೊತ್ತಾಗದೆ ಮಾಡಿದ ಕೆಲಸ ಮಾತ್ರ ಡೇಟಾವನ್ನೇ ಬಲಿ ತೆಗೆದುಕೊಳ್ಳಬಹುದು.

ಮೂರು ಗಾತ್ರಗಳನ್ನು ಮೊದಲು ಬೇರ್ಪಡಿಸಿಕೊಳ್ಳಿ

ಒಂದು ವರ್ಚುವಲ್ ಡಿಸ್ಕಿಗೆ ಒಂದೇ ಗಾತ್ರವಿರುವುದಿಲ್ಲ. ನಾನು ಅವುಗಳನ್ನು ಹೇಳಿದ ಗಾತ್ರ, ತಿಂದ ಗಾತ್ರ, ಕಂಡ ಗಾತ್ರ ಎಂದು ಕರೆದುಕೊಳ್ಳುತ್ತೇನೆ. ಡಿಸ್ಕ್ ಸೃಷ್ಟಿಸುವಾಗ ನೀವು ಕೊಟ್ಟ ಸಂಖ್ಯೆ ಹೇಳಿದ ಗಾತ್ರ. ಆ ಫೈಲ್ ಈ ಹೊತ್ತು ಹೋಸ್ಟಿನಲ್ಲಿ ನಿಜವಾಗಿ ಹಿಡಿದಿರುವ ಜಾಗ ತಿಂದ ಗಾತ್ರ. ಗೆಸ್ಟಿನ, ಅಂದರೆ ವರ್ಚುವಲ್ ಯಂತ್ರದ ಒಳಗಿನ, ಫೈಲ್ ಸಿಸ್ಟಮ್ ತನಗಿದೆ ಎಂದು ತಿಳಿದಿರುವುದು ಕಂಡ ಗಾತ್ರ.

ವರ್ಚುವಲ್ ಯಂತ್ರ ಓಡಿಸುವ ತಂತ್ರಾಂಶವಾದ ಕ್ಯೂಇಎಂಯುವಿನ ಕ್ಯೂಕೌ2 ಫೈಲ್ ಮಾದರಿಯಲ್ಲಿ 100 ಜಿಬಿಯ ಡಿಸ್ಕ್ ಸೃಷ್ಟಿಸಿ ನೋಡಿ. ಫೈಲ್ ಹುಟ್ಟುವಾಗ ಕೆಲವೇ ನೂರು ಕೆಬಿ ಇರುತ್ತದೆ. ಗೆಸ್ಟ್ ಬರೆದಂತೆಲ್ಲ 64 ಕೆಬಿಯ ತುಂಡುಗಳಾಗಿ ಬೆಳೆಯುತ್ತದೆ. ಬೇರೆ ಹೇಳದಿದ್ದರೆ ಅದರ ಕ್ಲಸ್ಟರ್ ಗಾತ್ರ ಅಷ್ಟೇ. ಇಂಥದ್ದನ್ನು ಥಿನ್ ಡಿಸ್ಕ್ ಎನ್ನುತ್ತಾರೆ. ಹೇಳಿದಷ್ಟನ್ನೂ ಮೊದಲೇ ಹಿಡಿದಿಡುವುದು ಥಿಕ್ ಅಥವಾ ಫಿಕ್ಸೆಡ್ ಡಿಸ್ಕ್. ಥಿನ್ ಡಿಸ್ಕಿನ ಗಾತ್ರ ಒಂದು ಮಾತು ಮಾತ್ರ, ಆ ಮಾತಿಗೆ ತಕ್ಕ ಜಾಗ ಹೋಸ್ಟಿನಲ್ಲಿ ಇದೆಯೇ ಎಂದು ಯಾರೂ ಪರಿಶೀಲಿಸುವುದಿಲ್ಲ. ನನ್ನ 300 ಜಿಬಿಯ ಕಮಾಂಡ್ ಅಷ್ಟು ಬೇಗ ಯಶಸ್ವಿಯಾದದ್ದು ಇದೇ ಕಾರಣಕ್ಕೆ.

ಅಳೆಯುವ ಸಾಧನಗಳೂ ಗೊಂದಲ ಹುಟ್ಟಿಸುತ್ತವೆ. ‘ರಾ’ ಮಾದರಿಯ ವಿರಳ ಫೈಲ್ (ಖಾಲಿ ತಾಣಗಳಿಗೆ ಜಾಗ ಹಿಡಿಯದ ಫೈಲ್) ಇದ್ದರೆ ‘ಎಲ್‌ಎಸ್ -ಎಲ್’ ಹೇಳಿದ ಗಾತ್ರವನ್ನು ತೋರಿಸುತ್ತದೆ, ‘ಡಿಯು’ ತಿಂದ ಗಾತ್ರವನ್ನು ತೋರಿಸುತ್ತದೆ. ಒಂದರಲ್ಲಿ 100 ಜಿಬಿ, ಇನ್ನೊಂದರಲ್ಲಿ 7 ಜಿಬಿ ಕಂಡರೆ ಎರಡೂ ಸರಿಯೇ. ‘ಕ್ಯೂಇಎಂಯು-ಐಎಂಜಿ ಇನ್ಫೋ’ ಎರಡನ್ನೂ ಒಂದೇ ಕಡೆ ಕೊಡುತ್ತದೆ: ‘ವರ್ಚುವಲ್ ಸೈಜ್’ ಎಂದರೆ ಹೇಳಿದ್ದು, ‘ಡಿಸ್ಕ್ ಸೈಜ್’ ಎಂದರೆ ತಿಂದದ್ದು. ಕಂಡ ಗಾತ್ರಕ್ಕೆ ಗೆಸ್ಟಿನ ಒಳಗೇ ಹೋಗಿ ‘ಡಿಎಫ್ -ಎಚ್’ ಕೊಡಬೇಕು, ವಿಂಡೋಸ್ ಆದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಬೇಕು.

ಈ ಮೂರನ್ನೂ, ಜೊತೆಗೆ ಹೋಸ್ಟಿನಲ್ಲಿ ಉಳಿದಿರುವ ಜಾಗವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಾಲ್ಕು ಸಂಖ್ಯೆಗಳು ಅಕ್ಕಪಕ್ಕ ಬಂದಾಗ ಅರ್ಧ ದೋಷಗಳು ತಾವೇ ಮುಖ ತೋರಿಸುತ್ತವೆ.

ಯಂತ್ರ ನಿಂತಿದೆಯೋ, ಓಡುತ್ತಾ ದೂರುತ್ತಿದೆಯೋ?

ಮೊದಲ ಕವಲು ಇದು, ಎಲ್ಲಕ್ಕಿಂತ ಹೆಚ್ಚು ಸುಳಿವು ಕೊಡುವುದೂ ಇದೇ. ಗೆಸ್ಟ್ ಓಡುತ್ತಿದ್ದು, ಅದರೊಳಗಿನ ತಂತ್ರಾಂಶ ಬರೆಯಲಾಗುತ್ತಿಲ್ಲ ಎಂದು ದೂರುತ್ತಿದ್ದರೆ ದೋಷ ಬಹುಪಾಲು ಗೆಸ್ಟಿನ ಒಳಗಿದೆ. ಇಡೀ ಯಂತ್ರವೇ ‘ಪಾಸ್’, ಅಂದರೆ ತಡೆಹಿಡಿದ, ಸ್ಥಿತಿಗೆ ಹೋಗಿದ್ದರೆ ತುಂಬಿರುವುದು ಹೋಸ್ಟ್.

ಹಾಗೇಕೆ ನಿಲ್ಲುತ್ತದೆ ಎಂದರೆ, ಗೆಸ್ಟನ್ನು ಕಾಪಾಡಲು. ತನ್ನ ಡಿಸ್ಕಿನಲ್ಲಿ ನೂರು ಜಿಬಿ ಖಾಲಿ ಇದೆ ಎಂದು ನಂಬಿರುವ ಫೈಲ್ ಸಿಸ್ಟಮ್‌ಗೆ ಬರೆಯುವ ಹೊತ್ತಿನಲ್ಲಿ ದೋಷ ಹಿಂದಿರುಗಿಸಿದರೆ, ಅದನ್ನು ಕೆಟ್ಟುಹೋದ ಡಿಸ್ಕ್ ಎಂದೇ ಅದು ಅರ್ಥಮಾಡಿಕೊಳ್ಳುತ್ತದೆ. ಆದ್ದರಿಂದ ಹೋಸ್ಟಿನಲ್ಲಿ ಜಾಗ ಮುಗಿದಾಗ ಗೆಸ್ಟನ್ನು ನಿಲ್ಲಿಸುವುದು ಕ್ಯೂಇಎಂಯುವಿನ ಸಹಜ ನಡೆ. ವರ್ಚುವಲ್‌ಬಾಕ್ಸ್ ಕೂಡ ಯಂತ್ರವನ್ನು ತಡೆಹಿಡಿದು ಸಂದೇಶ ತೋರಿಸುತ್ತದೆ. ಹೈಪರ್-ವಿ ‘ಪಾಸ್ಡ್-ಕ್ರಿಟಿಕಲ್’ ಎನ್ನುತ್ತದೆ. ವಿಎಂವೇರ್ ಯಂತ್ರವನ್ನು ಹಿಡಿದಿಟ್ಟುಕೊಂಡು, ಮತ್ತೆ ಪ್ರಯತ್ನಿಸಬೇಕೇ ಎಂದು ನಿಮ್ಮನ್ನೇ ಕೇಳುತ್ತದೆ.

ಈ ಸ್ಥಿತಿಯಲ್ಲಿ ಯಂತ್ರವನ್ನು ಬಲವಂತವಾಗಿ ಆರಿಸಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಬರೆಯಲು ಕಾದಿರುವ ಡೇಟಾ ಗೆಸ್ಟಿನ ಮೆಮೊರಿಯಲ್ಲಿ ಇನ್ನೂ ಜೀವಂತವಾಗಿದೆ. ಹೋಸ್ಟಿನಲ್ಲಿ ಜಾಗ ಬಿಡಿಸಿ ‘ರೆಸ್ಯೂಮ್’ ಕೊಟ್ಟರೆ ಗೆಸ್ಟ್ ನಿಂತಲ್ಲಿಂದಲೇ ಮುಂದುವರಿಯುತ್ತದೆ. ನಿಂತದ್ದು ಅದಕ್ಕೆ ತಿಳಿಯುವುದೂ ಇಲ್ಲ, ಗಡಿಯಾರ ಹಿಂದೆ ಬಿದ್ದಿರುತ್ತದೆ ಅಷ್ಟೇ. ಆರಿಸಿದರೆ ಆ ಡೇಟಾ ಹೋಯಿತು. ಲಿಬ್‌ವರ್ಟ್ (ಇಂಥ ಯಂತ್ರಗಳನ್ನು ನಿರ್ವಹಿಸುವ ತಂತ್ರಾಂಶ) ಬಳಸುವವರು ‘ವಿರ್ಶ್ ಡಾಮ್‌ಬಿಎಲ್‌ಕೆಎರರ್’ ಕೊಟ್ಟರೆ ಯಾವ ಡಿಸ್ಕಿನಲ್ಲಿ ಯಾವ ದೋಷ ಎಂಬುದು ಒಂದೇ ಸಾಲಿನಲ್ಲಿ ತಿಳಿಯುತ್ತದೆ.

ಇದಕ್ಕೆ ಒಂದು ಅಪವಾದವಿದೆ, ಅದು ಅಪಾಯಕಾರಿ. ವರ್ಚುವಲ್ ಡಿಸ್ಕ್‌ಗಳು ಎಲ್‌ವಿಎಂ ಥಿನ್ ಪೂಲಿನ (ಹಲವು ಥಿನ್ ಡಿಸ್ಕ್‌ಗಳು ಹಂಚಿಕೊಳ್ಳುವ ಸಂಗ್ರಹದ) ಮೇಲಿದ್ದು ಆ ಪೂಲ್ ತುಂಬಿದರೆ, ಲಿನಕ್ಸ್ ಕರ್ನೆಲ್ ಬರಹಗಳನ್ನು ಸಾಮಾನ್ಯವಾಗಿ 60 ಸೆಕೆಂಡು ಸಾಲಿನಲ್ಲಿ ನಿಲ್ಲಿಸಿ, ಆಮೇಲೆ ದೋಷ ಹಿಂದಿರುಗಿಸುತ್ತದೆ. ಆಗ ಗೆಸ್ಟಿನ ಫೈಲ್ ಸಿಸ್ಟಮ್ ಓದಲು ಮಾತ್ರ ಸಾಧ್ಯವಿರುವ ಸ್ಥಿತಿಗೆ ಇಳಿಯಬಹುದು ಅಥವಾ ಪೆಟ್ಟು ತಿನ್ನಬಹುದು. ಹಾಗಾಗಿ ಥಿನ್ ಪೂಲ್ ಇರುವವರು ‘ಎಲ್‌ವಿಎಸ್’ ಕೊಟ್ಟು ಡೇಟಾ ಮತ್ತು ಮೆಟಾಡೇಟಾ (ಪೂಲಿನ ಒಳಲೆಕ್ಕ) ಎರಡೂ ಕಾಲಂಗಳ ಶೇಕಡಾವಾರು ಸಂಖ್ಯೆಯನ್ನು ನೋಡಬೇಕು. ಡೇಟಾ ಭಾಗದಲ್ಲಿ ಜಾಗವಿದ್ದು ಮೆಟಾಡೇಟಾ ಮಾತ್ರ ತುಂಬಿದರೂ ಪೂಲ್ ನಿಲ್ಲುತ್ತದೆ. ಪೂಲ್ ತಾನಾಗಿ ಬೆಳೆಯುವ ಸೌಲಭ್ಯ ಇದೆಯಾದರೂ, ಮೂಲ ಹೊಂದಾಣಿಕೆಯಲ್ಲಿ ಅದರ ಹೊಸ್ತಿಲು 100 ಎಂದಿರುತ್ತದೆ. ಅಂದರೆ ಸೌಲಭ್ಯ ನಿಷ್ಕ್ರಿಯವಾಗಿದ್ದಂತೆ. ಅದನ್ನು 70 ಅಥವಾ 80ಕ್ಕೆ ಇಳಿಸಿ, ವಾಲ್ಯೂಮ್ ಗ್ರೂಪಿನಲ್ಲಿ (ಎಲ್‌ವಿಎಂ ಒಟ್ಟುಗೂಡಿಸಿದ ಜಾಗದಲ್ಲಿ) ಬಿಡಿ ಜಾಗವನ್ನೂ ಉಳಿಸಿಟ್ಟರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಹೋಸ್ಟ್ ತುಂಬಿದೆ: ತಿಂದವರು ಯಾರು?

ಹತ್ತರಲ್ಲಿ ಏಳೆಂಟು ಸಲ ಉತ್ತರ ಸ್ನ್ಯಾಪ್‌ಶಾಟ್ ಎಂದೇ ಇರುವುದನ್ನು ನಾನು ಕಂಡಿದ್ದೇನೆ. ಸ್ನ್ಯಾಪ್‌ಶಾಟ್ ಎಂದರೆ ಡಿಸ್ಕಿನ ಆ ಹೊತ್ತಿನ ಸ್ಥಿತಿಯನ್ನು ಉಳಿಸಿಡುವುದು. ಅದನ್ನು ತೆಗೆದ ಕ್ಷಣದಿಂದ ಮೂಲ ಡಿಸ್ಕ್ ಫೈಲ್ ಹಾಗೆಯೇ ಉಳಿದು, ಹೊಸ ಬರಹಗಳೆಲ್ಲ ಬೇರೊಂದು ಡೆಲ್ಟಾ ಫೈಲಿಗೆ ಹೋಗುತ್ತವೆ. ಹಳೆಯ ಜಾಗವನ್ನೇ ತಿದ್ದಿ ಬರೆದರೂ ಡೆಲ್ಟಾ ಬೆಳೆಯುತ್ತದೆ. ದಿನವಿಡೀ ಅದೇ ಕೋಷ್ಟಕಗಳನ್ನು ತಿದ್ದುವ ಡೇಟಾಬೇಸ್ ಗೆಸ್ಟಿನ ಒಳಗೆ ಒಂದಿಷ್ಟೂ ದಪ್ಪಗಾಗದೆ, ಹೊರಗಿನ ಡೆಲ್ಟಾವನ್ನು ಮೂಲ ಡಿಸ್ಕಿನಷ್ಟೇ ದೊಡ್ಡದು ಮಾಡಬಲ್ಲದು. ‘ಒಳಗೆ ಏನೂ ಬೆಳೆದಿಲ್ಲ, ಹೊರಗೆ ಹೇಗೆ ತುಂಬಿತು’ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಇದೇ ಉತ್ತರ. ನನ್ನ ಆ ರಾತ್ರಿಯ ದೋಷವೂ ಇದೇ ಆಗಿತ್ತು: ಪಕ್ಕದ ಬೇರೊಂದು ಯಂತ್ರದ ಮೇಲೆ ಅಪ್‌ಡೇಟಿಗೆ ಮುನ್ನ ತೆಗೆದು ಮರೆತ ಸ್ನ್ಯಾಪ್‌ಶಾಟ್.

ಆದರೆ ಡೆಲ್ಟಾ ಫೈಲ್ ಕಂಡ ಕೂಡಲೇ ಅದನ್ನು ಫೈಲಿನಂತೆ ಅಳಿಸಿದರೆ, ಸ್ನ್ಯಾಪ್‌ಶಾಟ್ ತೆಗೆದ ನಂತರ ಬರೆದದ್ದೆಲ್ಲವೂ ಹೋಗುತ್ತದೆ. ಮೂಲ ಫೈಲ್ ಅಳಿಸಿದರೆ ಅದನ್ನು ಆಧರಿಸಿರುವ ಎಲ್ಲ ಡೆಲ್ಟಾಗಳೂ ಅನಾಥ. ಹೈಪರ್‌ವೈಸರ್‌ನ (ವರ್ಚುವಲ್ ಯಂತ್ರಗಳನ್ನು ಓಡಿಸುವ ತಂತ್ರಾಂಶದ) ಮೂಲಕವೇ ಸ್ನ್ಯಾಪ್‌ಶಾಟ್ ತೆಗೆದುಹಾಕಬೇಕು. ಆಗ ಡೆಲ್ಟಾ ಮೂಲದಲ್ಲಿ ಬೆರೆಯುತ್ತದೆ. ಬೆರೆಯುವ ಹೊತ್ತಿನಲ್ಲಿ ಇನ್ನಷ್ಟು ಜಾಗ ಬೇಕಾಗಬಹುದು ಎಂಬುದನ್ನು ಮರೆಯಬಾರದು: ಮೂಲ ಡಿಸ್ಕ್ ಥಿನ್ ಆಗಿದ್ದರೆ ಅದು ಬೆಳೆಯುತ್ತದೆ, ಡೆಲ್ಟಾ ಇನ್ನೂ ಹೋಗಿರುವುದಿಲ್ಲ. ಆದ್ದರಿಂದ ಪೂರ್ತಿ ತುಂಬಿದ ಹೋಸ್ಟಿನಲ್ಲಿ ಮೊದಲು ಬೇರೆ ಏನನ್ನಾದರೂ ಸರಿಸಿ ಉಸಿರಾಡಲು ಜಾಗ ಮಾಡಿಕೊಳ್ಳಿ: ಹಳೆಯ ಐಎಸ್‌ಒ ಫೈಲ್‌ಗಳು, ಅಲ್ಲೇ ಇಟ್ಟ ಬ್ಯಾಕಪ್‌ಗಳು, ಸದ್ಯ ಬೇಡವಾದ ಯಂತ್ರಗಳು. ನಾನು ಈಗ ಪ್ರತಿ ಹೋಸ್ಟಿನಲ್ಲೂ 10 ಜಿಬಿಯ ಒಂದು ಖಾಲಿ ಫೈಲನ್ನು ಪೂರ್ತಿ ಜಾಗ ಹಿಡಿಸಿಯೇ ಸೃಷ್ಟಿಸಿ ಇಡುತ್ತೇನೆ. ಆಪತ್ತಿನಲ್ಲಿ ಅದನ್ನೊಂದು ಅಳಿಸಿದರೆ ಯೋಚಿಸಲು ಸಮಯ ಸಿಗುತ್ತದೆ.

ಕ್ಯೂಕೌ2 ಫೈಲಿನಲ್ಲಿ ಸ್ನ್ಯಾಪ್‌ಶಾಟ್ ಅದೇ ಫೈಲಿನ ಒಳಗೂ ಇರಬಹುದು. ಆಗ ಬೇರೆ ಡೆಲ್ಟಾ ಫೈಲ್ ಕಾಣುವುದಿಲ್ಲ, ತಿಂದ ಗಾತ್ರ ಹೇಳಿದ ಗಾತ್ರವನ್ನೂ ಮೀರಬಹುದು. 100 ಜಿಬಿಯ ಡಿಸ್ಕ್ 160 ಜಿಬಿ ಹಿಡಿದಿದೆ ಎಂದು ಗಾಬರಿಯಾಗುವ ಮೊದಲು ಯಂತ್ರವನ್ನು ಕ್ರಮವಾಗಿ ಆಫ್ ಮಾಡಿ ‘ಕ್ಯೂಇಎಂಯು-ಐಎಂಜಿ ಸ್ನ್ಯಾಪ್‌ಶಾಟ್ -ಎಲ್’ ಕೊಟ್ಟು ನೋಡಿ.

ಕಣ್ಣಿಗೆ ಬೀಳದೆ ಜಾಗ ತಿನ್ನುವ ಇನ್ನೊಂದು ವರ್ಗ ಮೆಮೊರಿಗೆ ಸಂಬಂಧಿಸಿದ ಫೈಲ್‌ಗಳದ್ದು. ವಿಎಂವೇರ್‌ನಲ್ಲಿ ಯಂತ್ರ ಶುರುವಾದಾಗ ಅದಕ್ಕೆ ಕಾಯ್ದಿರಿಸದ ಮೆಮೊರಿಯಷ್ಟೇ ದೊಡ್ಡದಾದ ಸ್ವಾಪ್ ಫೈಲ್ (ಮೆಮೊರಿ ಸಾಲದಾದಾಗ ಬಳಸುವ ಫೈಲ್) ಹುಟ್ಟುತ್ತದೆ. 64 ಜಿಬಿ ಮೆಮೊರಿ ಕೊಟ್ಟು ಏನನ್ನೂ ಕಾಯ್ದಿರಿಸದಿದ್ದರೆ ಡಿಸ್ಕ್ ಲೆಕ್ಕದಲ್ಲಿ ಎಲ್ಲೂ ಬರೆಯದ 64 ಜಿಬಿ ಅಲ್ಲೇ ಹೋಯಿತು. ಯಂತ್ರದ ಸ್ಥಿತಿಯನ್ನು ಮೆಮೊರಿ ಸಮೇತ ಉಳಿಸಿಟ್ಟರೂ ಹೀಗೆಯೇ.

ಹಿಗ್ಗಿಸಿದ್ದೇನೆ, ಗೆಸ್ಟಿನಲ್ಲಿ ಕಾಣಿಸುತ್ತಿಲ್ಲ

ಇದು ದೋಷವೇ ಅಲ್ಲ, ಅರ್ಧಕ್ಕೆ ನಿಂತ ಕೆಲಸ. ಡಿಸ್ಕ್ ಫೈಲ್ ಹಿಗ್ಗಿಸುವುದು ಮನೆಯ ನಿವೇಶನವನ್ನು ದೊಡ್ಡದು ಮಾಡಿದಂತೆ. ಕಾಂಪೌಂಡ್ ಮತ್ತು ಗೋಡೆಗಳು ಇದ್ದಲ್ಲೇ ಇರುತ್ತವೆ. ಕೆಳಗಿನಿಂದ ಒಂದೊಂದೇ ಮೆಟ್ಟಿಲು ಹತ್ತುತ್ತಾ ಹೋಗಿ, ಎಲ್ಲಿ ಹಳೆಯ ಸಂಖ್ಯೆ ಕಾಣುತ್ತದೋ ಅಲ್ಲಿ ನಿಂತು ಸರಿಪಡಿಸಿ.

ಮೊದಲು, ಫೈಲ್ ನಿಜವಾಗಿ ಹಿಗ್ಗಿದೆಯೇ? ವರ್ಚುವಲ್‌ಬಾಕ್ಸ್‌ನ ‘ವಿಬಾಕ್ಸ್‌ಮ್ಯಾನೇಜ್ ಮಾಡಿಫೈಮೀಡಿಯಂ’ ಕಮಾಂಡಿನಲ್ಲಿ ‘ರೀಸೈಜ್’ ಆಯ್ಕೆಗೆ ಕೊಡುವ ಸಂಖ್ಯೆ ಮೆಗಾಬೈಟ್‌ಗಳಲ್ಲಿರಬೇಕು. 100 ಜಿಬಿ ಬೇಕಿದ್ದರೆ 102400. ಅಲ್ಲಿ 100 ಎಂದು ಬರೆದರೆ ಡಿಸ್ಕನ್ನು ಕುಗ್ಗಿಸಲು ಹೇಳಿದಂತಾಗಿ ದೋಷ ಬರುತ್ತದೆ. ಈ ಸೌಲಭ್ಯ ಬೆಳೆಯುವ ಬಗೆಯ ವಿಡಿಐ ಮತ್ತು ವಿಎಚ್‌ಡಿ ಡಿಸ್ಕ್‌ಗಳಿಗೆ ಮೀಸಲು. ಫಿಕ್ಸೆಡ್ ಡಿಸ್ಕ್ ಆದರೆ ಮೊದಲು ಬೆಳೆಯುವ ಬಗೆಗೆ ಪ್ರತಿ ಮಾಡಿಕೊಳ್ಳಬೇಕು. ವಿಎಂವೇರ್‌ನಲ್ಲಿ ಗಾತ್ರದ ಪೆಟ್ಟಿಗೆ ಬೂದುಬಣ್ಣಕ್ಕೆ ತಿರುಗಿ ತಿದ್ದಲು ಬಾರದಿದ್ದರೆ ಆ ಯಂತ್ರದ ಮೇಲೆ ಸ್ನ್ಯಾಪ್‌ಶಾಟ್ ಇದೆಯೇ ಎಂದು ಮೊದಲು ನೋಡಿ.

ಕ್ಯೂಇಎಂಯು ಬಳಸುವವರಿಗೆ ಒಂದು ಎಚ್ಚರಿಕೆ. ಓಡುತ್ತಿರುವ ಯಂತ್ರದ ಡಿಸ್ಕಿನ ಮೇಲೆ ‘ಕ್ಯೂಇಎಂಯು-ಐಎಂಜಿ ರೀಸೈಜ್’ ಎಂದಿಗೂ ಕೊಡಬಾರದು. ಇಬ್ಬರು ಒಂದೇ ಫೈಲಿನ ಒಳಲೆಕ್ಕವನ್ನು ಬೇರೆ ಬೇರೆಯಾಗಿ ತಿದ್ದಿದರೆ ಫೈಲ್ ಕೆಡುತ್ತದೆ. 2.10ನೇ ಆವೃತ್ತಿಯಿಂದ ಈಚೆಗೆ ಕ್ಯೂಇಎಂಯು ಫೈಲಿಗೆ ಬೀಗ ಹಾಕುವುದರಿಂದ ‘ರೈಟ್ ಲಾಕ್’ ಸಿಗಲಿಲ್ಲ ಎಂಬ ದೋಷ ಬಂದು ನೀವು ಉಳಿದುಕೊಳ್ಳುತ್ತೀರಿ. ಆ ಬೀಗ ಮುರಿಯುವ ದಾರಿಯನ್ನು ಹುಡುಕಬೇಡಿ. ಯಂತ್ರ ಓಡುತ್ತಿರುವಾಗ ಹಿಗ್ಗಿಸಲು ‘ವಿರ್ಶ್ ಬ್ಲಾಕ್‌ರೀಸೈಜ್’ ಇದೆ.

ಎರಡನೆಯ ಮೆಟ್ಟಿಲು, ಗೆಸ್ಟಿನ ಕರ್ನೆಲ್. ‘ಎಲ್‌ಎಸ್‌ಬಿಎಲ್‌ಕೆ’ ಕೊಟ್ಟಾಗ ಇಡೀ ಡಿಸ್ಕಿನ ಸಾಲಿನಲ್ಲಿ ಹೊಸ ಗಾತ್ರ ಕಾಣಬೇಕು. ವರ್ಟಿಯೋ ಬ್ಲಾಕ್, ಸ್ಕಸಿ ಎಂಬುವು ಡಿಸ್ಕನ್ನು ಗೆಸ್ಟಿಗೆ ಜೋಡಿಸುವ ಬಗೆಗಳು. ವರ್ಟಿಯೋ ಬ್ಲಾಕ್ ಡಿಸ್ಕ್‌ಗಳು ತಾವಾಗಿ ತಿಳಿದುಕೊಳ್ಳುತ್ತವೆ. ಸ್ಕಸಿ ಡಿಸ್ಕಿನಲ್ಲಿ ಹಳೆಯ ಗಾತ್ರವೇ ಕಂಡರೆ ‘ಸಿಸ್’ ಮರದಲ್ಲಿ ಆ ಡಿಸ್ಕಿನ ‘ಡಿವೈಸ್’ ಅಡಿಯಲ್ಲಿರುವ ‘ರೀಸ್ಕ್ಯಾನ್’ ಫೈಲಿಗೆ 1 ಎಂದು ಬರೆಯಿರಿ. ವಿಂಡೋಸಿನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್‌ನ ‘ರೀಸ್ಕ್ಯಾನ್ ಡಿಸ್ಕ್ಸ್’ ಸಾಕು.

ಮೂರನೆಯದು ಪಾರ್ಟಿಷನ್, ಜನ ಹೆಚ್ಚಾಗಿ ಸಿಕ್ಕಿಕೊಳ್ಳುವ ಜಾಗ. ಹೊಸ ಜಾಗ ಡಿಸ್ಕಿನ ಕೊನೆಯಲ್ಲಿ ಸೇರುತ್ತದೆ. ಹಿಗ್ಗಬೇಕಾದ ಪಾರ್ಟಿಷನ್ ಅದಕ್ಕೆ ತಾಗಿಕೊಂಡೇ ಇರಬೇಕು. ವಿಂಡೋಸಿನಲ್ಲಿ ಸಿ ಡ್ರೈವಿನ ಬಲಕ್ಕೆ ರಿಕವರಿ ಪಾರ್ಟಿಷನ್ ಕುಳಿತಿರುತ್ತದೆ. ‘ಎಕ್ಸ್‌ಟೆಂಡ್ ವಾಲ್ಯೂಮ್’ ಮಂಕಾಗಿ ಕಾಣುವುದಕ್ಕೆ ಬಹುಪಾಲು ಅದೇ ಕಾರಣ. ಲಿನಕ್ಸಿನ ಹಳೆಯ ಯಂತ್ರಗಳಲ್ಲಿ ಸ್ವಾಪ್ ಪಾರ್ಟಿಷನ್ ಅದೇ ರೀತಿ ಅಡ್ಡ ನಿಂತಿರುತ್ತದೆ. ಸ್ವಾಪನ್ನು ನಿಲ್ಲಿಸಿ, ಅಳಿಸಿ, ಆಮೇಲೆ ಸ್ವಾಪ್ ಫೈಲ್ ಮಾಡಿಕೊಳ್ಳುವುದು ಸುಲಭ. ಎಫ್‌ಎಸ್‌ಟ್ಯಾಬಿನಲ್ಲಿರುವ (ಯಂತ್ರ ಶುರುವಾಗುವಾಗ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿಯಲ್ಲಿರುವ) ಅದರ ಸಾಲನ್ನು ತೆಗೆಯಲು ಮರೆಯಬೇಡಿ. ರಿಕವರಿ ಪಾರ್ಟಿಷನನ್ನು ‘ರಿಏಜೆಂಟ್‌ಸಿ’ ಮೂಲಕ ನಿಷ್ಕ್ರಿಯಗೊಳಿಸಿ, ‘ಡಿಸ್ಕ್‌ಪಾರ್ಟ್’ನಲ್ಲಿ ಅಳಿಸಿ, ಸಿ ಡ್ರೈವನ್ನು ಹಿಗ್ಗಿಸಿ, ಕೊನೆಯಲ್ಲಿ ಮತ್ತೆ ಕಟ್ಟಬಹುದು. ಆದರೆ ಬೇಕಾಗಿರುವುದು ಡೇಟಾಗೆ ಜಾಗ ಮಾತ್ರ ಎಂದಾದರೆ ಎರಡನೆಯ ವರ್ಚುವಲ್ ಡಿಸ್ಕ್ ಸೇರಿಸಿ ಡೇಟಾವನ್ನು ಅಲ್ಲಿಗೆ ಸಾಗಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಜಿಪಿಟಿ ಎಂಬ ಹೊಸ ಬಗೆಯ ಪಾರ್ಟಿಷನ್ ಪಟ್ಟಿ ಇರುವ ಡಿಸ್ಕಿನಲ್ಲಿ ಆ ಪಟ್ಟಿಯ ಎರಡನೆಯ ಪ್ರತಿ ಡಿಸ್ಕಿನ ತುದಿಯಲ್ಲಿರುತ್ತದೆ. ಡಿಸ್ಕ್ ಹಿಗ್ಗಿದಾಗ ಆ ಪ್ರತಿ ನಡುವೆ ಎಲ್ಲೋ ಉಳಿದುಬಿಡುತ್ತದೆ. ‘ಪಾರ್ಟೆಡ್’ ತೆರೆದ ಕೂಡಲೇ ಜಾಗ ಪೂರ್ತಿ ಬಳಕೆಯಾಗಿಲ್ಲ, ಸರಿಪಡಿಸಲೇ ಎಂದು ಕೇಳುವುದು ಇದಕ್ಕಾಗಿ. ‘ಫಿಕ್ಸ್’ ಎಂದು ಉತ್ತರಿಸಿ. ‘ಗ್ರೋಪಾರ್ಟ್’ ಬಳಸುವವರು ಡಿಸ್ಕಿನ ಹೆಸರಿಗೂ ಪಾರ್ಟಿಷನ್ ಸಂಖ್ಯೆಗೂ ನಡುವೆ ಖಾಲಿ ಬಿಡಬೇಕು. ಎರಡನ್ನೂ ಕೂಡಿಸಿ ಬರೆದರೆ ಅದು ಒಪ್ಪುವುದಿಲ್ಲ.

ಎಂಬಿಆರ್ ಎಂಬ ಹಳೆಯ ಬಗೆಯ ಪಟ್ಟಿ ಇರುವ ಡಿಸ್ಕ್ ಆದರೆ ಇನ್ನೊಂದು ಗೋಡೆ ಇದೆ. ಅದರಲ್ಲಿ ಸೆಕ್ಟರ್ ಸಂಖ್ಯೆಗೆ 32 ಬಿಟ್ ಮಾತ್ರ. 512 ಬೈಟ್‌ಗಳ ಸೆಕ್ಟರ್ ಎಂದುಕೊಂಡರೆ 2 ಟಿಬಿ ಆಚೆಗೆ ಅದು ಎಣಿಸಲಾರದು. ಡಿಸ್ಕನ್ನು 3 ಟಿಬಿ ಮಾಡಿದರೂ ಕೊನೆಯ 1 ಟಿಬಿ ಯಾರಿಗೂ ದಕ್ಕದೆ ಉಳಿಯುತ್ತದೆ.

ಎಲ್‌ವಿಎಂ ಇದ್ದರೆ ಮೊದಲು ‘ಪಿವಿರೀಸೈಜ್’, ಆಮೇಲೆ ‘ಎಲ್‌ವಿಎಕ್ಸ್‌ಟೆಂಡ್’. ಉಬುಂಟು ಸರ್ವರ್ ಹೊಸದಾಗಿ ಹಾಕಿದವರು ಡಿಸ್ಕಿನ ಅರ್ಧ ಜಾಗ ಕಾಣೆಯಾಗಿದೆ ಎಂದು ಕೇಳುವುದುಂಟು. ಕಾಣೆಯಾಗಿಲ್ಲ. ಅದರ ಸ್ಥಾಪನಾ ತಂತ್ರಾಂಶ ಎಲ್‌ವಿಎಂ ಬಳಸುವಾಗ ದೊಡ್ಡ ಡಿಸ್ಕಿನಲ್ಲಿ ಪೂರ್ತಿ ಜಾಗವನ್ನು ರೂಟಿಗೆ ಕೊಡದೆ ವಾಲ್ಯೂಮ್ ಗ್ರೂಪಿನಲ್ಲಿ ಉಳಿಸಿರುತ್ತದೆ. ‘ವಿಜಿಎಸ್’ ಕೊಟ್ಟರೆ ಅಲ್ಲೇ ಕಾಣುತ್ತದೆ.

ಕೊನೆಯ ಮೆಟ್ಟಿಲು ಫೈಲ್ ಸಿಸ್ಟಮ್. ಎಕ್ಸ್‌ಟಿ4 ಆದರೆ ‘ರೀಸೈಜ್2ಎಫ್‌ಎಸ್’, ಎಕ್ಸ್‌ಎಫ್‌ಎಸ್ ಆದರೆ ‘ಎಕ್ಸ್‌ಎಫ್‌ಎಸ್_ಗ್ರೋಎಫ್‌ಎಸ್’. ಎರಡನ್ನೂ ಯಂತ್ರ ಓಡುತ್ತಿರುವಾಗಲೇ ಮಾಡಬಹುದು.

ಅಳಿಸಿದರೂ ಡಿಸ್ಕ್ ಫೈಲ್ ಕುಗ್ಗುತ್ತಿಲ್ಲ

ಗೆಸ್ಟಿನಲ್ಲಿ 80 ಜಿಬಿ ಅಳಿಸಿದರೂ ಹೋಸ್ಟಿನಲ್ಲಿ ಒಂದು ಜಿಬಿಯೂ ಮರಳಿರುವುದಿಲ್ಲ. ಫೈಲ್ ಅಳಿಸುವುದೆಂದರೆ ಫೈಲ್ ಸಿಸ್ಟಮ್ ತನ್ನ ಪುಸ್ತಕದಲ್ಲಿ ಆ ಜಾಗ ಖಾಲಿ ಎಂದು ಗುರುತು ಹಾಕಿಕೊಳ್ಳುವುದು ಮಾತ್ರ. ಹೋಸ್ಟಿಗೆ ಆ ಸುದ್ದಿ ತಲುಪಬೇಕಾದರೆ ಟ್ರಿಮ್ ಅಥವಾ ಡಿಸ್ಕಾರ್ಡ್ ಎಂಬ ಆದೇಶ ಗೆಸ್ಟಿನಿಂದ ಹೊರಟು ಪ್ರತಿ ಅಂತಸ್ತನ್ನೂ ದಾಟಿ ಬರಬೇಕು. ಮಧ್ಯೆ ಒಂದು ಕೊಂಡಿ ಬಿಟ್ಟರೂ ಅದು ಅಲ್ಲೇ ನಿಲ್ಲುತ್ತದೆ.

ಲಿನಕ್ಸ್ ಗೆಸ್ಟಿನಲ್ಲಿ ‘ಎಫ್‌ಎಸ್‌ಟ್ರಿಮ್ -ಎವಿ’ ಕೊಡಿ. ಉತ್ತರದಲ್ಲಿ ಆ ಡಿಸ್ಕಿನ ಸಾಲೇ ಬಾರದಿದ್ದರೆ ವರ್ಚುವಲ್ ಡಿಸ್ಕಿನ ಹೊಂದಾಣಿಕೆಯಲ್ಲಿ ಡಿಸ್ಕಾರ್ಡ್ ‘ಅನ್‌ಮ್ಯಾಪ್’ ಎಂದಿದೆಯೇ ನೋಡಿ. ವರ್ಟಿಯೋ ಸ್ಕಸಿಯಲ್ಲಿ ಇದು ಹಿಂದಿನಿಂದಲೂ ಇದೆ. ವರ್ಟಿಯೋ ಬ್ಲಾಕಿಗೆ ಬಂದದ್ದು ಕ್ಯೂಇಎಂಯು 4.0 ಮತ್ತು ಲಿನಕ್ಸ್ 5.0ರಿಂದ. ಗೆಸ್ಟಿನ ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಆ ಪದರವೂ ಟ್ರಿಮ್ ಬಿಡುವಂತೆ ಹೊಂದಿಸಿರಬೇಕು.

ಟ್ರಿಮ್ ಸಾಧ್ಯವೇ ಇಲ್ಲದ ಹಳೆಯ ಯಂತ್ರಗಳಿಗೆ ಖಾಲಿ ಜಾಗವನ್ನೆಲ್ಲ ಸೊನ್ನೆಯಿಂದ ತುಂಬಿ, ಆಮೇಲೆ ಡಿಸ್ಕನ್ನು ಒತ್ತಿ ಚಿಕ್ಕದು ಮಾಡುವ ಹಳೆಯ ದಾರಿ ಇದೆ. ವಿಂಡೋಸಿನಲ್ಲಿ ‘ಎಸ್‌ಡಿಲೀಟ್ -ಝಡ್’, ನಂತರ ವರ್ಚುವಲ್‌ಬಾಕ್ಸ್ ಆದರೆ ‘ಕಾಂಪ್ಯಾಕ್ಟ್’, ಹೈಪರ್-ವಿ ಆದರೆ ‘ಆಪ್ಟಿಮೈಜ್-ವಿಎಚ್‌ಡಿ’. ಹೋಸ್ಟ್ ತುಂಬಿರುವಾಗ ಈ ದಾರಿ ಹಿಡಿಯಲೇಬೇಡಿ. ಸೊನ್ನೆ ಬರೆಯುವುದೂ ಬರಹವೇ ಆದ್ದರಿಂದ ಥಿನ್ ಡಿಸ್ಕ್ ಮೊದಲು ಹೇಳಿದ ಗಾತ್ರದವರೆಗೂ ಊದಿಕೊಳ್ಳಬಹುದು, ಜಾಗ ಉಳಿಸಲು ಹೊರಟವರೇ ಹೋಸ್ಟನ್ನು ಮುಳುಗಿಸುವಂತಾಗುತ್ತದೆ.

ಪ್ರತಿ ಮಾಡಿದ ಮೇಲೆ ಫೈಲ್ ದೊಡ್ಡದಾಯಿತು ಎಂಬ ದೂರೂ ಇದೇ ಸಂಸಾರದ್ದು. ವಿರಳ ಫೈಲನ್ನು ಅದರ ಅರಿವಿಲ್ಲದ ಸಾಧನದಿಂದ ಸಾಗಿಸಿದರೆ ಖಾಲಿ ತಾಣಗಳೂ ಸೊನ್ನೆಗಳಾಗಿ ತುಂಬಿಕೊಂಡು ಬರುತ್ತವೆ. ‘ಆರ್‌ಸಿಂಕ್’ನಲ್ಲಿ ‘ಸ್ಪಾರ್ಸ್’ ಆಯ್ಕೆ ಕೊಡಿ, ಇಲ್ಲವೇ ‘ಕ್ಯೂಇಎಂಯು-ಐಎಂಜಿ ಕನ್ವರ್ಟ್’ ಬಳಸಿ.

ಕುಗ್ಗಿಸಲೇಬೇಕೆಂದರೆ

ಹಿಗ್ಗಿಸುವಾಗ ಕೆಳಗಿನಿಂದ ಮೇಲಕ್ಕೆ ಹೋದೆವು. ಕುಗ್ಗಿಸುವಾಗ ಮೇಲಿನಿಂದ ಕೆಳಕ್ಕೆ: ಮೊದಲು ಫೈಲ್ ಸಿಸ್ಟಮ್, ಆಮೇಲೆ ಪಾರ್ಟಿಷನ್, ಕೊನೆಗೆ ಡಿಸ್ಕ್. ಕ್ರಮ ತಪ್ಪಿದರೆ ಡೇಟಾ ಇರುವ ಭಾಗವೇ ಕತ್ತರಿಸಿ ಹೋಗುತ್ತದೆ. ಕ್ಯೂಇಎಂಯು ಈ ಕೆಲಸಕ್ಕೆ ‘ಶ್ರಿಂಕ್’ ಎಂಬ ಪದವನ್ನು ನಿಮ್ಮಿಂದಲೇ ಬರೆಸುವುದು ಸುಮ್ಮನೆ ಅಲ್ಲ. ಎಕ್ಸ್‌ಎಫ್‌ಎಸ್ ಇದ್ದರಂತೂ ಈ ಯೋಚನೆ ಬಿಡಿ. ನಾನು ಯಾವ ಡಿಸ್ಕನ್ನೂ ಕುಗ್ಗಿಸುವುದಿಲ್ಲ. ಚಿಕ್ಕದೊಂದು ಹೊಸ ಡಿಸ್ಕ್ ಸೇರಿಸಿ, ಡೇಟಾ ಪ್ರತಿ ಮಾಡಿ, ಎಲ್ಲವೂ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಹಳೆಯದನ್ನು ಬಿಡಿಸುತ್ತೇನೆ. ಸ್ವಲ್ಪ ಹೊತ್ತು ಹೆಚ್ಚು ಹಿಡಿಯುತ್ತದೆ, ಆದರೆ ಪ್ರತಿ ಹೆಜ್ಜೆಯಲ್ಲೂ ಹಿಂದಿರುಗುವ ದಾರಿ ತೆರೆದಿರುತ್ತದೆ.

ಗಾತ್ರದಂತೆ ಕಾಣುವ, ಗಾತ್ರದ್ದಲ್ಲದ ದೋಷಗಳು

ಗೆಸ್ಟಿನಲ್ಲಿ ‘ಡಿಎಫ್’ ತುಂಬಿದೆ ಎನ್ನುತ್ತದೆ, ‘ಡಿಯು’ ಎಣಿಸಿದರೆ ಅರ್ಧವೂ ಇಲ್ಲ. ಯಾವುದೋ ಸೇವೆ ಅಳಿಸಿದ ಲಾಗ್ ಫೈಲನ್ನು ಇನ್ನೂ ತೆರೆದಿಟ್ಟುಕೊಂಡಿದೆ. ‘ಎಲ್‌ಎಸ್‌ಒಎಫ್ +ಎಲ್1’ ಕೊಟ್ಟರೆ ಅದರ ಹೆಸರು ಸಿಗುತ್ತದೆ, ಆ ಸೇವೆಯನ್ನು ಮತ್ತೆ ಶುರು ಮಾಡಿದರೆ ಜಾಗ ಮರಳುತ್ತದೆ. ಜಾಗವಿದ್ದರೂ ಹೊಸ ಫೈಲ್ ಹುಟ್ಟುತ್ತಿಲ್ಲ ಎಂದಾದರೆ ‘ಡಿಎಫ್ -ಐ’ ಕೊಡಿ, ಐನೋಡ್‌ಗಳು (ಪ್ರತಿ ಫೈಲಿಗೂ ಬೇಕಾದ ಒಂದೊಂದು ದಾಖಲೆ) ಮುಗಿದಿರಬಹುದು. ಎಕ್ಸ್‌ಟಿ4ನಲ್ಲಿ ಶೇ. 5ರಷ್ಟು ಜಾಗ ರೂಟ್ ಬಳಕೆದಾರನಿಗೆ ಮೀಸಲಾಗಿರುವುದರಿಂದ 500 ಜಿಬಿಯ ಡೇಟಾ ಡಿಸ್ಕಿನಲ್ಲಿ 25 ಜಿಬಿ ಉಳಿದವರಿಗೆ ಸಿಗುವುದಿಲ್ಲ. ಬರಿಯ ಡೇಟಾ ಡಿಸ್ಕ್ ಆದರೆ ‘ಟ್ಯೂನ್2ಎಫ್‌ಎಸ್’ ಮೂಲಕ ಇದನ್ನು ಇಳಿಸಬಹುದು.

ಡಿಸ್ಕ್ ಸೃಷ್ಟಿಸುವಾಗಲೇ ದೋಷ ಬಂದರೆ ಫೈಲ್ ಎಲ್ಲಿ ಕೂರಬೇಕಿದೆ ಎಂದು ನೋಡಿ. ಎಫ್‌ಎಟಿ32 ಇರುವ ಹೊರಗಿನ ಡಿಸ್ಕಿನಲ್ಲಿ ಒಂದು ಫೈಲ್ 4 ಜಿಬಿ ತಲುಪಲಾರದು. ಥಿನ್ ಡಿಸ್ಕ್ ಆದರೆ ಹುಟ್ಟುವಾಗ ಸುಮ್ಮನಿದ್ದು, ಬೆಳೆದು ಆ ಗಡಿಗೆ ತಾಗಿದಾಗ ಮುರಿಯುತ್ತದೆ, ಆಗ ಹೋಸ್ಟಿನಲ್ಲಿ ಬೇಕಾದಷ್ಟು ಜಾಗ ಕಾಣುತ್ತಿರುತ್ತದೆ. ವಿಎಚ್‌ಡಿ ಮಾದರಿಯ ಮೇಲ್ಮಿತಿ 2040 ಜಿಬಿ. ವಿಂಡೋಸ್ ಸರ್ವರ್ 2012ರೊಂದಿಗೆ ಬಂದ ವಿಎಚ್‌ಡಿಎಕ್ಸ್ 64 ಟಿಬಿವರೆಗೆ ಹೋಗುತ್ತದೆ. ಇನ್ನು 500 ಜಿಬಿ ಕೊಂಡ ಡಿಸ್ಕ್ 465 ಎಂದು ಕಾಣುವುದು 1000ದ ಲೆಕ್ಕಕ್ಕೂ 1024ರ ಲೆಕ್ಕಕ್ಕೂ ಇರುವ ವ್ಯತ್ಯಾಸ. 500 ಜಿಬಿಯ ಭೌತಿಕ ಡಿಸ್ಕಿನ ಮೇಲೆ 500ರ ಫಿಕ್ಸೆಡ್ ವರ್ಚುವಲ್ ಡಿಸ್ಕ್ ಹಿಡಿಯದಿರಲು ಇದೂ ಒಂದು ಕಾರಣ.

ಹೊಸ ಡಿಸ್ಕ್ ಸೃಷ್ಟಿಸುವಾಗ

ಗಾತ್ರ ಎಷ್ಟಿರಬೇಕು ಎಂದು ಕೇಳಿದವರಿಗೆ ನಾನು ಸಂಖ್ಯೆ ಹೇಳುವುದಿಲ್ಲ. ಆಪರೇಟಿಂಗ್ ಸಿಸ್ಟಮ್ ಒಂದು ಡಿಸ್ಕಿನಲ್ಲಿ, ಡೇಟಾ ಇನ್ನೊಂದರಲ್ಲಿ ಇರಲಿ ಎನ್ನುತ್ತೇನೆ. ಡೇಟಾ ಡಿಸ್ಕನ್ನು ಹಿಗ್ಗಿಸುವಾಗ ಬೂಟ್, ಸ್ವಾಪ್, ರಿಕವರಿ ಯಾವುದೂ ಅಡ್ಡ ಬರುವುದಿಲ್ಲ. ಹಿಗ್ಗಿಸುವುದು ಸುಲಭ, ಕುಗ್ಗಿಸುವುದು ಕಷ್ಟ. ಆದ್ದರಿಂದ ಚಿಕ್ಕದಾಗಿ ಶುರು ಮಾಡಿ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬುದು ಥಿನ್ ಡಿಸ್ಕ್ ಬಳಸುವವರಿಗೆ ದಿನನಿತ್ಯದ ಲೆಕ್ಕ. ಹೋಸ್ಟಿನಲ್ಲಿ 1000 ಜಿಬಿ ಇದೆ, ತಲಾ 200 ಜಿಬಿಯ ಎಂಟು ಯಂತ್ರಗಳಿವೆ ಎಂದುಕೊಳ್ಳಿ. ಕೊಟ್ಟ ಮಾತು 1600 ಜಿಬಿ, ತಿಂದದ್ದು 600 ಜಿಬಿ. ಶೇ. 60 ಎಂದರೆ ನೆಮ್ಮದಿ ಅನ್ನಿಸುತ್ತದೆ. ಆದರೆ ಪ್ರತಿ ಯಂತ್ರ ದಿನಕ್ಕೆ 3 ಜಿಬಿ ಬೆಳೆಯುತ್ತಿದ್ದರೆ ಒಟ್ಟು 24 ಜಿಬಿ. ಉಳಿದ 400 ಜಿಬಿ 16 ದಿನಕ್ಕೆ ಮುಗಿಯುತ್ತದೆ. ಶೇಕಡಾವಾರು ನೋಡಿದವನಿಗೆ ಈ 16 ದಿನ ಕಾಣುವುದಿಲ್ಲ. ಎಚ್ಚರಿಕೆಯ ಗಂಟೆಯನ್ನು ಶೇಕಡಾವಾರಿಗೆ ಕಟ್ಟುವುದಕ್ಕಿಂತ ಉಳಿದ ದಿನಗಳಿಗೆ ಕಟ್ಟಿ. ಹೊಸ ಡಿಸ್ಕ್ ತರಿಸಿ ಜೋಡಿಸಲು ಎಷ್ಟು ದಿನ ಬೇಕೋ ಅದರ ಎರಡರಷ್ಟು ದಿನ ಉಳಿದಾಗ ಅದು ಬಾರಿಸಬೇಕು. ಸ್ನ್ಯಾಪ್‌ಶಾಟ್‌ಗಾಗಿಯೂ ಜಾಗ ಬಿಡಿ, ಪ್ರತಿ ಸ್ನ್ಯಾಪ್‌ಶಾಟಿಗೆ ಅಳಿಸುವ ದಿನಾಂಕವನ್ನು ಹೆಸರಿನಲ್ಲೇ ಬರೆಯಿರಿ.

ನಿಲ್ಲಲೇಬಾರದ ಯಂತ್ರಗಳಿಗೆ ಮಾತ್ರ ಪೂರ್ತಿ ಜಾಗ ಮೊದಲೇ ಹಿಡಿದಿಡಿ. ಕ್ಯೂಇಎಂಯುವಿನಲ್ಲಿ ‘ಪ್ರೀಅಲೋಕೇಷನ್’ ಆಯ್ಕೆಗೆ ‘ಫಾಲಾಕ್’ ಎಂದು ಕೊಟ್ಟರೆ ಸೊನ್ನೆ ಬರೆಯುತ್ತಾ ಕೂರದೆ ಜಾಗ ಮೀಸಲಾಗುತ್ತದೆ. ಅದರ ಮೇಲೆ ಸ್ನ್ಯಾಪ್‌ಶಾಟ್ ತೆಗೆದರೆ ಡೆಲ್ಟಾ ಮತ್ತೆ ಥಿನ್ ಆಗಿಯೇ ಹುಟ್ಟುತ್ತದೆ ಎಂಬುದು ನೆನಪಿರಲಿ. ಥಿಕ್ ಡಿಸ್ಕ್ ಇದೆ ಎಂಬ ಧೈರ್ಯ ಅಲ್ಲಿಗೆ ಮುಗಿಯಿತು.

ಯಂತ್ರ ಎದ್ದ ಮೇಲೆ

ಹೋಸ್ಟ್ ತುಂಬಿ ನಿಂತಿದ್ದ ಯಂತ್ರ ಮತ್ತೆ ಓಡಿತೆಂದು ಕಡತ ಮುಚ್ಚಬೇಡಿ. ಗೆಸ್ಟಿನ ಕರ್ನೆಲ್ ದಾಖಲೆಯಲ್ಲಿ ಡಿಸ್ಕ್ ದೋಷಗಳು ಬಂದಿವೆಯೇ, ಯಾವುದಾದರೂ ಫೈಲ್ ಸಿಸ್ಟಮ್ ಓದಲು ಮಾತ್ರದ ಸ್ಥಿತಿಯಲ್ಲಿದೆಯೇ, ಗಡಿಯಾರ ಸರಿಯಾಯಿತೇ ನೋಡಿ. ಬ್ಯಾಕಪ್ ಒಂದನ್ನು ಆಗಲೇ ತೆಗೆಯಿರಿ. ನಂತರ ಅವಕಾಶ ಸಿಕ್ಕಾಗ ಯಂತ್ರವನ್ನು ಕ್ರಮವಾಗಿ ಆರಿಸಿ ‘ಕ್ಯೂಇಎಂಯು-ಐಎಂಜಿ ಚೆಕ್’ ನಡೆಸಿ, ಓಡುತ್ತಿರುವಾಗ ಬೇಡ. ‘ಲೀಕ್ಡ್ ಕ್ಲಸ್ಟರ್ಸ್’ ಎಂದು ಬಂದರೆ ಯಾರೂ ಬಳಸದ ತುಂಡುಗಳು ಜಾಗ ಹಿಡಿದಿವೆ ಎಂದಷ್ಟೇ, ಡೇಟಾಗೆ ಹಾನಿಯಿಲ್ಲ. ‘-ಆರ್ ಲೀಕ್ಸ್’ ಕೊಟ್ಟರೆ ಸರಿಹೋಗುತ್ತದೆ. ‘ಕರಪ್ಷನ್ಸ್’ ಎಂದು ಬಂದರೆ ಆ ಫೈಲಿನ ಪ್ರತಿಯೊಂದನ್ನು ಬೇರೆ ಡಿಸ್ಕಿಗೆ ತೆಗೆದಿಟ್ಟು, ದುರಸ್ತಿಯನ್ನು ಆ ಪ್ರತಿಯ ಮೇಲೆ ಮಾಡಿ. ಮೂಲ ಫೈಲನ್ನು ಮುಟ್ಟಬೇಡಿ.